ಯಾರ ಮಾತು ಸಾಕು?

2025ರ ಜೂನ್ ತಿಂಗಳಲ್ಲಿ ಆಂಧ್ರಪ್ರದೇಶದ ಹೈಕೋರ್ಟು ವರದಕ್ಷಿಣೆ ಹಿಂಸೆಯ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ದೂರು ಕೊಟ್ಟಿದ್ದವರು ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆ. ಮದುವೆಯ ಹೊತ್ತಿಗೆ ತವರಿನವರು ದುಡ್ಡು, ಬಂಗಾರ ಕೊಟ್ಟಿದ್ದರು, ಆಮೇಲೆ ಗಂಡ ಬಿಟ್ಟುಹೋದ ಎಂಬುದು ಆಕೆಯ ದೂರಿನ ಸಾರ. ನಾವು ಈ ಪತ್ರಿಕೆಯ ಪುಟಗಳಲ್ಲಿ ಎಷ್ಟೋ ಸಲ ಬರೆದಿರುವ, ಹೆಸರು ಊರು ಬದಲಿಸಿದರೆ ಯಾರದ್ದೂ ಆಗಬಹುದಾದ ಕತೆ. ಪೊಲೀಸರು 498ಎ ಕಲಮಿನಡಿ ಮೊಕದ್ದಮೆ ಹೂಡಿದರು. ಅದನ್ನು ರದ್ದುಪಡಿಸಿ ಎಂದು ಗಂಡನ ಕಡೆಯವರು ಹೈಕೋರ್ಟಿಗೆ ಹೋದರು. ಅವರು ಮುಂದಿಟ್ಟ ವಾದಗಳಲ್ಲಿ ಒಂದು ಹೀಗಿತ್ತು: ಈಕೆ ಹೆರಲಾರಳು, ಹೆರಲಾರದವಳು ಪೂರ್ಣ ಅರ್ಥದಲ್ಲಿ ಹೆಣ್ಣಲ್ಲ, ಹೆಣ್ಣಲ್ಲದವಳಿಗೆ 498ಎ ಅನ್ವಯಿಸದು.

ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಹೆರುವ ಶಕ್ತಿಗೆ ಹೆಣ್ತನವನ್ನು ಗಂಟುಹಾಕುವುದು ಸಂವಿಧಾನದ 14, 15 ಮತ್ತು 21ನೆಯ ವಿಧಿಗಳಿಗೆ ವಿರುದ್ಧ, ಟ್ರಾನ್ಸ್‌ಜೆಂಡರ್ ಮಹಿಳೆಯೂ ಈ ಕಲಮಿನಡಿ ದೂರು ಕೊಡಬಹುದು ಎಂದಿತು. ಅಷ್ಟು ಹೇಳಿದ ಮೇಲೆ, ದೂರಿನಲ್ಲಿ ನಿರ್ದಿಷ್ಟ ವಿವರಗಳಿಲ್ಲ ಎಂಬ ಕಾರಣದಿಂದ ಆ ಮೊಕದ್ದಮೆಯನ್ನೇ ರದ್ದುಮಾಡಿತು. ಹೆಣ್ಣೆಂದು ಒಪ್ಪಿಸಿಕೊಂಡ ಆಕೆಗೆ ಅದೇ ದಿನ ಹೆಣ್ಣುಮಕ್ಕಳ ದೂರುಗಳಿಗೆ ಸಾಮಾನ್ಯವಾಗಿ ಸಿಗುವ ಉತ್ತರವೂ ಸಿಕ್ಕಿತು!

ಗಂಡನ ಕಡೆಯವರ ವಾದವನ್ನು ಓದಿದಾಗ ನನಗೆ ಅದು ಹೊಸದೆನ್ನಿಸಲಿಲ್ಲ. ಕೋರ್ಟಿನ ಭಾಷೆ ತೆಗೆದುಹಾಕಿದರೆ ಉಳಿಯುವುದು ನಮ್ಮ ಪಡಸಾಲೆಗಳಲ್ಲಿ ದಿನನಿತ್ಯ ಕೇಳುವ ಮಾತೇ. ಮದುವೆಯಾಗಿ ಮೂರು ವರ್ಷಕ್ಕೆ ಮಕ್ಕಳಾಗದಿದ್ದರೆ ಸೊಸೆಯನ್ನು ಸೀಮಂತಕ್ಕೆ ಕರೆಯುವುದಿಲ್ಲ, ತೊಟ್ಟಿಲು ಮುಟ್ಟಿಸುವುದಿಲ್ಲ. 'ಇವಳೂ ಒಂದು ಹೆಂಗಸಾ?' ಎಂದು ಅತ್ತೆ ಕೇಳುತ್ತಾಳೆ, ಓರಗಿತ್ತಿ ಕೇಳುತ್ತಾಳೆ, ಕೊನೆಗೆ ಎರಡನೆಯ ಮದುವೆಗೆ ಹೆಣ್ಣು ನೋಡಲು ಹೊರಟ ಗಂಡನೂ ಅದನ್ನೇ ಹೇಳುತ್ತಾನೆ. ಗರ್ಭಕೋಶ ತೆಗೆಸಿಕೊಂಡು ಬಂದ ಕೂಲಿ ಹೆಂಗಸು ಗಂಡನ ಬಾಯಲ್ಲಿ ಅದೇ ಮಾತು ಕೇಳಿ ನಮ್ಮೆದುರು ಅತ್ತದ್ದನ್ನು ನಾನು ಕಂಡಿದ್ದೇನೆ. ಹೆತ್ತರೆ ಹೆಣ್ಣು, ಅದರಲ್ಲೂ ಗಂಡು ಹೆತ್ತರೆ ಹೆಣ್ಣು ಎಂಬ ಈ ಲೆಕ್ಕಾಚಾರವನ್ನು ಒಡೆಯುವುದಕ್ಕೆಂದೇ ಮಹಿಳಾ ಚಳವಳಿ ಹುಟ್ಟಿತು. ಅದೇ ಲೆಕ್ಕ ಇನ್ನೊಬ್ಬರ ಮೇಲೆ ಬಿದ್ದಾಗ ನಾವು ಅದಕ್ಕೆ ತಲೆದೂಗಬಹುದೇ?

ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಸಭೆಗಳಲ್ಲಿ ಈ ಬಗ್ಗೆ ಮಾತು ಬಿಸಿಯೇರುತ್ತಿದೆ. ಒಬ್ಬ ವ್ಯಕ್ತಿ 'ನಾನು ಹೆಣ್ಣು' ಎಂದು ಹೇಳಿದರೆ ಅಷ್ಟು ಸಾಕೇ, ಅಥವಾ ವೈದ್ಯರು, ಅಧಿಕಾರಿಗಳು, ಸಮಿತಿಗಳು ಅದನ್ನು ದೃಢಪಡಿಸಬೇಕೇ? ಇಂಗ್ಲಿಷ್ ಪತ್ರಿಕೆಗಳು ಸೆಲ್ಫ್ ಐಡೆಂಟಿಫಿಕೇಶನ್ ಎನ್ನುವುದು ಇದನ್ನೇ. ನಾವು ಸ್ವಯಂ ಗುರುತು ಎನ್ನೋಣ. ಗೆಳತಿಯರಲ್ಲಿ ಕೆಲವರು ಇದನ್ನು ಪ್ರಶ್ನಿಸುವುದೇ ತಪ್ಪು ಎನ್ನುತ್ತಾರೆ. ಇನ್ನು ಕೆಲವರು ಇದರಿಂದ ನಾವು ಕಷ್ಟಪಟ್ಟು ಗಳಿಸಿದ ಕಾಯಿದೆಗಳೂ ಜಾಗಗಳೂ ಕೈತಪ್ಪುತ್ತವೆ ಎಂದು ಹೆದರುತ್ತಾರೆ. ಎರಡು ಕಡೆಯವರೂ ನಮ್ಮವರೇ, ಒಂದೇ ಧರಣಿಯಲ್ಲಿ ಒಂದೇ ಜಮಖಾನೆಯ ಮೇಲೆ ಕೂತವರು. ಆದ್ದರಿಂದ ಈ ಸಂಚಿಕೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ನನ್ನ ನಿಲುವನ್ನು ಮುಚ್ಚಿಡುವುದಿಲ್ಲ.

ಮೊದಲು ನಮ್ಮ ಚಳವಳಿ ಬಂದ ದಾರಿಯನ್ನು ನೆನೆಯಬೇಕು. ಮಥುರಾ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲ, ಆಕೆ ಪ್ರತಿಭಟಿಸಿದ ಗುರುತಿಲ್ಲ ಎಂದು ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು. ದೇಶದುದ್ದಕ್ಕೂ ಹೆಂಗಸರು ಬೀದಿಗಿಳಿದರು. ಅದರ ಫಲವಾಗಿ 1983ರಲ್ಲಿ ಸಾಕ್ಷ್ಯ ಕಾಯಿದೆಗೆ 114ಎ ಕಲಮು ಸೇರಿತು. ಪೊಲೀಸರ, ಅಧಿಕಾರಿಗಳ ವಶದಲ್ಲಿದ್ದಾಗ ನಡೆದ ಅತ್ಯಾಚಾರದಲ್ಲಿ ಸಂಭೋಗ ನಡೆದದ್ದು ರುಜುವಾಗಿದ್ದು, ತಾನು ಒಪ್ಪಿರಲಿಲ್ಲ ಎಂದು ಹೆಣ್ಣು ಕೋರ್ಟಿನಲ್ಲಿ ಹೇಳಿದರೆ, ನ್ಯಾಯಾಲಯ ಹಾಗೆಂದೇ ಭಾವಿಸತಕ್ಕದ್ದು. ಹೆಣ್ಣಿನ ಬಾಯಿಮಾತಿಗೆ ಕಾನೂನು ತೂಕ ಕೊಟ್ಟ ದೊಡ್ಡ ಹೆಜ್ಜೆ ಅದು. ಅದೇ 1983ರಲ್ಲಿ 498ಎ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂತು.

ಮರಣಪೂರ್ವ ಹೇಳಿಕೆಯನ್ನೇ ನೋಡಿ. ಸುಟ್ಟಗಾಯದ ವಾರ್ಡಿನಲ್ಲಿ ಮೈಯೆಲ್ಲ ಬೆಂದು ಮಲಗಿದ ಹುಡುಗಿ ಸಾಯುವ ಮೊದಲು ಹೇಳಿದ ನಾಲ್ಕು ಮಾತು ನಂಬಲರ್ಹವೆಂದು ಕಂಡರೆ, ಬೇರೆ ಸಾಕ್ಷಿ ಇಲ್ಲದಿದ್ದರೂ ಅದರ ಮೇಲೆ ಶಿಕ್ಷೆ ಕೊಡಬಹುದು. ಆ ನಾಲ್ಕು ಮಾತಿಗಾಗಿ ನಾವು ರಾತ್ರಿಯೆಲ್ಲ ಕಾದಿದ್ದೇವೆ. 'ಸ್ಟೌ ಸಿಡಿಯಿತು' ಎಂದು ಅತ್ತೆಮನೆಯವರು ಹೇಳಿಕೊಟ್ಟ ಮೊದಲ ಹೇಳಿಕೆಯೊಂದು, ಅವರು ಹೊರಗೆ ಹೋದಾಗ ಆಕೆ ಪಿಸುಗುಟ್ಟಿದ ಎರಡನೆಯ ಹೇಳಿಕೆಯೊಂದು. ಎರಡರಲ್ಲಿ ಯಾವುದು ಆಕೆಯ ಸ್ವಂತ ಮಾತು ಎಂದು ಕಿವಿಗೊಟ್ಟು ತಿಳಿಯುವುದೇ ನಮ್ಮ ಕೆಲಸವಾಗಿತ್ತು. ಕೌಟುಂಬಿಕ ದೌರ್ಜನ್ಯದ ವಿರುದ್ಧ ಕೆಲಸ ಮಾಡುವ ಯಾವ ಗುಂಪನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ಬಂದವಳ ಮಾತನ್ನು ನಂಬಿ ಕೆಲಸ ಶುರುಮಾಡು. ವಿಚಾರಣೆ, ಸಾಕ್ಷಿ, ಪಾಟೀಸವಾಲು ಎಲ್ಲ ಆಮೇಲೆ. ನಂಬಿಕೆಯಿಂದ ಬಾಗಿಲು ತೆರೆಯುತ್ತದೆ, ಅಷ್ಟರಿಂದಲೇ ತೀರ್ಪು ಬಂದುಬಿಡುವುದಿಲ್ಲ.

ಅಧಿಕಾರಸ್ಥರು ಯಾವತ್ತೂ ಈ ಮಾತಿಗೆ ಎದುರಾಗಿ ದೇಹದ ತಪಾಸಣೆಯನ್ನು ತಂದು ನಿಲ್ಲಿಸಿದ್ದಾರೆ. ಎರಡು ಬೆರಳಿನ ಪರೀಕ್ಷೆ ಎಂಬ ಅಸಹ್ಯವನ್ನು ಸುಪ್ರೀಂ ಕೋರ್ಟು 2013ರಲ್ಲಿ ತಪ್ಪೆಂದಿತು. ಆದರೂ ನಿಲ್ಲಲಿಲ್ಲವೆಂದು 2022ರಲ್ಲಿ, ಹಾಗೆ ಮಾಡುವ ವೈದ್ಯರು ದುರ್ನಡತೆಯ ಅಪರಾಧಿಗಳು ಎಂದು ಮತ್ತೆ ಹೇಳಬೇಕಾಯಿತು. ತಪಾಸಣೆ ಸಾಲದಿದ್ದರೆ ಸಮಿತಿ ಬರುತ್ತದೆ. 498ಎ ದುರುಪಯೋಗವಾಗುತ್ತಿದೆ ಎಂಬ ಗದ್ದಲದ ನಡುವೆ ಸುಪ್ರೀಂ ಕೋರ್ಟು 2017ರಲ್ಲಿ ಪ್ರತಿ ಜಿಲ್ಲೆಯಲ್ಲೂ ಕುಟುಂಬ ಕಲ್ಯಾಣ ಸಮಿತಿ ಮಾಡಿ, ಹೆಣ್ಣಿನ ದೂರು ಮೊದಲು ಅದರ ಮುಂದೆ ಹೋಗಲಿ ಎಂದಿತು. ನಾವೆಲ್ಲ ಕೂಗೆಬ್ಬಿಸಿದೆವು. 2018ರಲ್ಲಿ ಅದೇ ನ್ಯಾಯಾಲಯ ಆ ಸಮಿತಿಗಳನ್ನು ಕೈಬಿಟ್ಟಿತು. 2025ರ ಜುಲೈನಲ್ಲಿ ಅಲಹಾಬಾದ್ ಹೈಕೋರ್ಟು ರೂಪಿಸಿದ್ದ ಅಂಥವೇ ಸಮಿತಿಗಳಿಗೂ ಎರಡು ತಿಂಗಳು ಬಂಧನವಿಲ್ಲದ 'ತಣ್ಣಗಾಗುವ ಅವಧಿ'ಗೂ ಮತ್ತೆ ಒಪ್ಪಿಗೆ ಕೊಟ್ಟಿತು. ಏಟು ತಿಂದವಳು ತಣ್ಣಗಾಗಬೇಕಂತೆ.

ಇನ್ನೊಂದು ಸಮಿತಿಯ ಕತೆ ಕೇಳಿ. 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐತಿಹಾಸಿಕವಾದ ತೀರ್ಪು ಕೊಟ್ಟಿತ್ತು. ಪ್ರತಿಯೊಬ್ಬರಿಗೂ ತಾವು ಗಂಡು, ಹೆಣ್ಣು ಅಥವಾ ತೃತೀಯ ಲಿಂಗ ಎಂದು ತಾವೇ ಗುರುತಿಸಿಕೊಳ್ಳುವ ಹಕ್ಕಿದೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಲೇಬೇಕೆಂದು ಒತ್ತಾಯಿಸುವುದು ಕಾನೂನುಬಾಹಿರ ಎಂದಿತ್ತು. ಎರಡು ವರ್ಷವಾಗುವಷ್ಟರಲ್ಲಿ, 2016ರಲ್ಲಿ, ಸರ್ಕಾರ ತಂದ ಮಸೂದೆಯಲ್ಲಿ ಜಿಲ್ಲಾ ಪರಿಶೀಲನಾ ಸಮಿತಿ ಕಾಣಿಸಿಕೊಂಡಿತು. ಮುಖ್ಯ ವೈದ್ಯಾಧಿಕಾರಿ, ಸಮಾಜ ಕಲ್ಯಾಣ ಅಧಿಕಾರಿ, ಮನೋವೈದ್ಯರು ಕೂತು ನೀನು ಯಾರು ಎಂದು ನಿರ್ಧರಿಸುವುದು. ಟ್ರಾನ್ಸ್‌ಜೆಂಡರ್ ಸಮುದಾಯ ಬೀದಿಗಿಳಿದ ಮೇಲೆ 2019ರ ಕಾಯಿದೆಯಲ್ಲಿ ಆ ಸಮಿತಿ ಹೋಯಿತು. ಆದರೂ ಆ ಕಾಯಿದೆ ಬಂದಾಗ ಅದರಲ್ಲಿ ಎರಡು ಮೆಟ್ಟಿಲು ಉಳಿದಿದ್ದವು. ಸ್ವಂತ ಪ್ರಮಾಣಪತ್ರದ ಮೇಲೆ ಜಿಲ್ಲಾಧಿಕಾರಿ 'ಟ್ರಾನ್ಸ್‌ಜೆಂಡರ್' ಎಂಬ ಗುರುತಿನ ಪತ್ರ ಕೊಡುವುದು ಮೊದಲನೆಯದು. ಹೆಣ್ಣು ಎಂದೋ ಗಂಡು ಎಂದೋ ಬರೆಸಿಕೊಳ್ಳಬೇಕಾದರೆ ಶಸ್ತ್ರಚಿಕಿತ್ಸೆಯಾದ ವೈದ್ಯಕೀಯ ದಾಖಲೆ ಒಪ್ಪಿಸುವುದು ಎರಡನೆಯದು. ನಾಲ್ಸಾ ತೀರ್ಪು ಬೇಡವೆಂದ ಕತ್ತರಿ ಹಿಂಬಾಗಿಲಿನಿಂದ ಒಳಗೆ ಬಂದಿತ್ತು.

ನಿನಗೆ ಹೊಡೆದರೋ ಇಲ್ಲವೋ ಎಂದು ನಾವು ನೋಡುತ್ತೇವೆ ಎನ್ನುವ ಸಮಿತಿಗೂ ನೀನು ಹೆಣ್ಣೋ ಅಲ್ಲವೋ ಎಂದು ನಾವು ನೋಡುತ್ತೇವೆ ಎನ್ನುವ ಸಮಿತಿಗೂ ಮೇಜು ಕುರ್ಚಿ ಒಂದೇ. ಎರಡೂ ಕಡೆ ಕಾರಣವೂ ಒಂದೇ, ಸುಳ್ಳು ಹೇಳುವವರಿರಬಹುದು ಎಂಬ ಅನುಮಾನ. ಸುಳ್ಳು ಹೇಳುವವರು ಇಲ್ಲವೆಂದು ನಾನು ಹೇಳುವುದಿಲ್ಲ. 498ಎಯಲ್ಲೂ ಇದ್ದಾರೆ. ಅವರಿಗಾಗಿ ಎಲ್ಲರ ಬಾಯಿಗೂ ಬೀಗ ಹಾಕಬಾರದು ಎಂಬುದು ನಲವತ್ತು ವರ್ಷದಿಂದ ನಮ್ಮ ವಾದವಾಗಿದ್ದರೆ, ಆ ವಾದವನ್ನು ಇಲ್ಲಿಗೆ ಬಂದಾಗ ಮಾತ್ರ ಬಿಟ್ಟುಬಿಡಲು ನನಗೆ ಕಾರಣ ಕಾಣುವುದಿಲ್ಲ. ಸಂಸತ್ತಿನಲ್ಲಿ ಕಾಯಿದೆಯ ಮಾತುಗಳನ್ನು ಒಮ್ಮೆ ಸಡಿಲಿಸುತ್ತಾರೆ, ಒಮ್ಮೆ ಬಿಗಿಯುತ್ತಾರೆ. ಚಳವಳಿ ತನ್ನ ನಿಲುವನ್ನು ಅದಕ್ಕೆ ಕಟ್ಟಿಹಾಕಿಕೊಳ್ಳಬೇಕಾಗಿಲ್ಲ.

ಹೆಣ್ಣೆಂದು ಒಪ್ಪದಿರುವುದರ ಬೆಲೆ ಏನೆಂದು ತಿಳಿಯಬೇಕಾದರೆ ಶಿಕ್ಷೆಯ ಪ್ರಮಾಣ ನೋಡಬೇಕು. 2019ರ ಕಾಯಿದೆಯ 18ನೆಯ ಕಲಮು ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲಿನ ದೈಹಿಕ, ಲೈಂಗಿಕ, ಮಾತಿನ, ಆರ್ಥಿಕ ದೌರ್ಜನ್ಯವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷಕ್ಕೆ ಮೀರದ ಶಿಕ್ಷೆ ಬರೆಯಿತು. ಹೆಣ್ಣಿನ ಮೇಲೆ ಅತ್ಯಾಚಾರವಾದರೆ 2018ರ ತಿದ್ದುಪಡಿಯ ನಂತರ ಕನಿಷ್ಠ ಹತ್ತು ವರ್ಷ. ಅಪರಾಧ ಒಂದೇ, ರಾತ್ರಿ ಒಂದೇ, ಠಾಣೆ ಒಂದೇ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಹಳೆಯ 377ನೆಯ ಕಲಮನ್ನೂ ಕೈಬಿಟ್ಟಿದ್ದರಿಂದ, ಹೆಣ್ಣೆಂದು ಲೆಕ್ಕಕ್ಕೆ ಬಾರದವರ ಮೇಲಿನ ಅತ್ಯಾಚಾರಕ್ಕೆ ಅತ್ಯಾಚಾರವೆಂಬ ಹೆಸರೇ ಇಲ್ಲದ ಪುಸ್ತಕ ನಮ್ಮ ಕೈಗೆ ಬಂತು. ಮಹಿಳಾ ಕಾನೂನುಗಳೊಳಗೆ ಬರಲು ಟ್ರಾನ್ಸ್‌ಜೆಂಡರ್ ಮಹಿಳೆಯರು ಹೆಣಗುವುದು ಇದಕ್ಕೇ. ಬೇರೆ ಆಸೆಯಿಂದಲ್ಲ.

ನ್ಯಾಯಾಲಯಗಳು ಅಲ್ಲೊಂದು ಇಲ್ಲೊಂದು ಕಿಂಡಿ ತೆರೆದಿವೆ. ಹಿಂದೂ ವಿವಾಹ ಕಾಯಿದೆಯ 'ವಧು' ಎಂಬ ಮಾತಿನಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯೂ ಸೇರುತ್ತಾಳೆ ಎಂದು 2019ರಲ್ಲಿ ಮದ್ರಾಸ್ ಹೈಕೋರ್ಟು ಹೇಳಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಜೀವನಾಂಶ ಕೇಳಬಹುದು ಎಂದು 2023ರಲ್ಲಿ ಮುಂಬಯಿ ಹೈಕೋರ್ಟು ಹೇಳಿತು. ಆದರೆ ಆ ಪ್ರಕರಣದಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಚಿಕಿತ್ಸೆಗೆ ದುಡ್ಡಿಲ್ಲದ ಹಳ್ಳಿಯ ಹುಡುಗಿಯ ಗತಿಯೇನು? ಬಡವಿಗೆ ಸಿಗದ ಹಕ್ಕನ್ನು ಹಕ್ಕೆಂದು ಕರೆಯುವ ಅಭ್ಯಾಸ ನಮ್ಮ ಚಳವಳಿಗಿಲ್ಲ.

ನಮ್ಮ ಕರ್ನಾಟಕದ್ದೇ ನೆನಪುಗಳೂ ಇವೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಹಿಜಡಾಗಳ ಪಟ್ಟಿ ಮಾಡಿಸಿದರು. ನೂರನಲವತ್ತು ವರ್ಷ ಕಳೆದು, 2011ರಲ್ಲಿ, ನಮ್ಮದೇ ವಿಧಾನಸಭೆ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಕಲಮು ಸೇರಿಸಿ ಮತ್ತೆ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ 2016ರಲ್ಲಿ ಅದರ ಭಾಷೆ ತಿದ್ದಿದರು. ಬೆಂಗಳೂರಿನಲ್ಲಿ ಹಿಜಡಾಗಳ ಮೇಲೆ ಠಾಣೆಗಳಲ್ಲಿ ನಡೆದ ಹಿಂಸೆಯನ್ನು ಪಿಯುಸಿಎಲ್ 2003ರಲ್ಲೇ ವರದಿ ಮಾಡಿತ್ತು. ಅದನ್ನು ಓದಿದವರಿಗೆ ಮಥುರಾ ನೆನಪಾಗದೆ ಇರಲಾರದು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಾವು ಎಷ್ಟು ಸಲ ಹೋಗಿಲ್ಲ! ದೇವದಾಸಿ ಪದ್ಧತಿಯ ವಿರುದ್ಧ, 1982ರ ಕಾಯಿದೆ ಜಾರಿಯಾಗಲಿ ಎಂದು ಅಲ್ಲಿ ಕರಪತ್ರ ಹಂಚಿದ್ದೇವೆ. ಅದೇ ಮೆಟ್ಟಿಲ ಮೇಲೆ ಸೀರೆಯುಟ್ಟು, ಚೌಡಿಕೆ ಹಿಡಿದು ಕೂತಿದ್ದ ಜೋಗಪ್ಪಗಳೂ ಅದೇ ದೇವಿಗೆ ಮುತ್ತು ಕಟ್ಟಿಸಿಕೊಂಡವರು. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರನ್ನು 'ಅಮ್ಮ' ಎಂದು ಕರೆಯಲು ನಮ್ಮ ಜನಕ್ಕೆ ಯಾವ ಸರ್ಟಿಫಿಕೇಟೂ ಬೇಕಾಗಲಿಲ್ಲ.

ಇನ್ನು ಗೆಳತಿಯರ ಭಯದ ಮಾತು. ಇದನ್ನು ಮೂದಲಿಸಿ ಮುಂದೆ ಹೋಗುವವರ ಜತೆ ನಾನಿಲ್ಲ.

ಈ ಜಗಳ ಅತಿ ಜೋರಾಗಿ ನಡೆದದ್ದು ಬ್ರಿಟನ್ನಿನಲ್ಲಿ. ಅಲ್ಲಿನ ಪತ್ರಿಕೆಗಳ ಮೂಲಕ ಅದರ ಪದಗಳೇ ನಮ್ಮ ಸಭೆಗಳಿಗೂ ಬಂದಿವೆ. ಸ್ಕಾಟ್ಲೆಂಡಿನ ಪಾರ್ಲಿಮೆಂಟು 2022ರ ಡಿಸೆಂಬರಿನಲ್ಲಿ, ವೈದ್ಯರ ತಪಾಸಣೆಯಿಲ್ಲದೆ ಸ್ವಂತ ಘೋಷಣೆಯ ಮೇಲೆ ಕಾನೂನಿನ ಲಿಂಗವನ್ನು ಬದಲಿಸಿಕೊಳ್ಳಲು ಮಸೂದೆ ಪಾಸುಮಾಡಿತು. 2023ರ ಜನವರಿಯಲ್ಲಿ ಲಂಡನ್ನಿನ ಸರ್ಕಾರ ಅದನ್ನು ತಡೆಯಿತು. ಅದೇ ತಿಂಗಳು, ಗಂಡಾಗಿದ್ದಾಗ ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿ, ಆಮೇಲೆ ತಾನು ಹೆಣ್ಣೆಂದು ಹೇಳಿಕೊಂಡ ಅಪರಾಧಿಯೊಬ್ಬರನ್ನು ಮೊದಲು ಹೆಂಗಸರ ಜೈಲಿಗೆ ಒಯ್ದು, ಜನ ಸಿಡಿದೆದ್ದ ಮೇಲೆ ಗಂಡಸರ ಜೈಲಿಗೆ ಸಾಗಿಸಿದರು. 2025ರ ಏಪ್ರಿಲ್ 16ರಂದು ಅಲ್ಲಿನ ಸುಪ್ರೀಂ ಕೋರ್ಟು, 2010ರ ಸಮಾನತೆ ಕಾಯಿದೆಯಲ್ಲಿ 'ಮಹಿಳೆ' ಎಂದರೆ ಹುಟ್ಟಿನ ಲಿಂಗದ ಮಹಿಳೆ ಎಂದು ತೀರ್ಪು ಕೊಟ್ಟಿತು. ಕೆಲವು ಮಹಿಳಾ ಸಂಘಟನೆಗಳು ಸಿಹಿ ಹಂಚಿದಷ್ಟು ಖುಷಿಪಟ್ಟವು, ಇನ್ನು ಕೆಲವು ಮಹಿಳಾ ಸಂಘಟನೆಗಳು ಬೀದಿಗಿಳಿದು ಪ್ರತಿಭಟಿಸಿದವು.

ಇದೆಲ್ಲಕ್ಕಿಂತ ನನಗೆ ಹತ್ತಿರವೆನಿಸಿದ್ದು ಎಡಿನ್‌ಬರೋದ ರೇಪ್ ಕ್ರೈಸಿಸ್ ಕೇಂದ್ರದ ಪ್ರಸಂಗ, ಏಕೆಂದರೆ ಅದು ನಮ್ಮಂಥದ್ದೇ ಕೆಲಸ. ಅತ್ಯಾಚಾರಕ್ಕೊಳಗಾದ ಒಬ್ಬಾಕೆ, ತನ್ನ ಜತೆ ಮಾತಾಡಲಿರುವ ಆಪ್ತ ಸಲಹೆಗಾರರು ಹೆಣ್ಣೇ ಹೌದೇ ಎಂದು ತಿಳಿಯಬಯಸಿದಳು. ಆಕೆಗೆ ನೇರ ಉತ್ತರ ಕೊಡಬೇಕು ಎಂದ ಕಾರ್ಯಕರ್ತೆಯ ಮೇಲೆ ಸಂಸ್ಥೆ ಶಿಸ್ತುಕ್ರಮ ಹೂಡಿತು. 2024ರ ಮೇ ತಿಂಗಳಲ್ಲಿ ಉದ್ಯೋಗ ನ್ಯಾಯಮಂಡಳಿ ಆ ಕಾರ್ಯಕರ್ತೆಗೆ ಅನ್ಯಾಯವಾಗಿದೆ ಎಂದಿತು. ನನ್ನ ಅಭಿಪ್ರಾಯದಲ್ಲಿ ಸರಿಯಾಗಿಯೇ ಹೇಳಿತು. ಜರ್ಜರಿತಳಾಗಿ ಬಂದ ಹೆಣ್ಣು 'ನನಗೆ ಇಂಥವರು ಬೇಕು' ಎಂದರೆ ಅದು ದ್ವೇಷವಲ್ಲ. ಆಕೆಯ ಮಾತನ್ನೂ ನಂಬಬೇಕಲ್ಲವೇ? 'ನಾನು ಹೆಣ್ಣು' ಎಂಬ ಮಾತಿಗೆ ಕಿವಿಗೊಡಿ ಎಂದು ಹೇಳುವ ನಾವು 'ನನಗೆ ಭಯವಾಗುತ್ತದೆ' ಎಂಬ ಮಾತಿಗೆ ಕಿವಿ ಮುಚ್ಚಿಕೊಂಡರೆ ನಮ್ಮ ನಿಲುವಿಗೆ ಅರ್ಥವಿಲ್ಲ.

ನಮ್ಮ ಆಶ್ರಯಧಾಮಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದು ನನ್ನ ಅನುಭವದಿಂದ ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಒಂದು ಆಶ್ರಯಧಾಮ ಎಂದರೆ ದೊಡ್ಡ ಬಂಗಲೆಯೇನಲ್ಲ: ಒಂದು ಉದ್ದನೆಯ ಹಜಾರ, ಗೋಡೆಗೆ ಒರಗಿಸಿದ ಟ್ರಂಕುಗಳು, ಎರಡು ಬಚ್ಚಲು, ಹಿತ್ತಲಲ್ಲಿ ಒಂದು ಸ್ಟೋರು. ಗಂಡನ ಕಾಲಸಪ್ಪಳಕ್ಕೆ ಬೆಚ್ಚಿ ವರ್ಷಗಟ್ಟಲೆ ನಿದ್ದೆಗೆಟ್ಟವರು ಅಲ್ಲಿ ಬಂದು ಮೊದಲ ಎರಡು ದಿನ ನಿದ್ದೆಯೇ ಮಾಡುತ್ತಾರೆ. ಅಲ್ಲಿಗೆ ಒಂದು ಮಳೆಗಾಲದ ರಾತ್ರಿ ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆ ಬಂದರು. ಜತೆಗಿದ್ದಾತ ಬಾಟಲಿಯಿಂದ ಹೊಡೆದು ಕಿವಿಯ ಹತ್ತಿರ ಹರಿದಿತ್ತು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಎಂಬ ಚರ್ಚೆಯಲ್ಲೇ ಅರ್ಧ ರಾತ್ರಿ ಕಳೆದಿತ್ತು. ನಮ್ಮಲ್ಲಿದ್ದ ಇಬ್ಬರು ಹೆಂಗಸರು ಒಳಗೆ ಬಿಡಬೇಡಿ ಎಂದರು. ಇಬ್ಬರನ್ನೂ ಕೂರಿಸಿ ಕೇಳಿದೆವು. ಕೊನೆಗೆ ಆಕೆಗೆ ಸ್ಟೋರಿನಲ್ಲಿ ಹಾಸಿಗೆ ಹಾಕಿದೆವು, ಬಚ್ಚಲಿಗೆ ಹೊತ್ತು ಗೊತ್ತುಮಾಡಿದೆವು, ನಮ್ಮಲ್ಲೊಬ್ಬಳು ಹಜಾರದ ಬಾಗಿಲಲ್ಲಿ ಮಲಗಿದಳು. ವಿರೋಧಿಸಿದ ಇಬ್ಬರಲ್ಲಿ ಒಬ್ಬಾಕೆ ನಾಲ್ಕನೆಯ ದಿನದ ಹೊತ್ತಿಗೆ ಆಕೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಇನ್ನೊಬ್ಬಾಕೆ ಕೊನೆಯವರೆಗೂ ಒಪ್ಪಲಿಲ್ಲ. ಮಗುವನ್ನು ಕರೆದುಕೊಂಡು ಆಫೀಸು ಕೋಣೆಯಲ್ಲಿ ಮಲಗಿದಳು, ಯಾರೂ ಅವಳನ್ನು ಬಯ್ಯಲಿಲ್ಲ. ಹನ್ನೊಂದು ದಿನದ ಮೇಲೆ ಬಂದವರು ತಮ್ಮ ಗುರುವಿನ ಮನೆಗೆ ಹೋದರು.

ಇದರಲ್ಲಿ ದೊಡ್ಡ ತತ್ತ್ವವೇನೂ ಇಲ್ಲ. ಆಶ್ರಯಧಾಮದ ಸುರಕ್ಷತೆ ಎಂಬುದು ಹಾಸಿಗೆ, ಬಚ್ಚಲು, ಬೀಗ, ರಾತ್ರಿ ಎಚ್ಚರವಿರುವ ಒಬ್ಬ ಕಾರ್ಯಕರ್ತೆ ಇವುಗಳ ವಿಷಯ. ಅಕ್ಕ ಎಂದು ಹೇಳಿಕೊಂಡು ಬಂದು ಹುಡುಗಿಯರನ್ನು ಕರೆದೊಯ್ಯಲು ಹೊಂಚುಹಾಕಿದ ಹೆಂಗಸರನ್ನು ನಾವು ಕಂಡಿದ್ದೇವೆ. ಸೊಸೆ ಎಲ್ಲಿದ್ದಾಳೆಂದು ಪತ್ತೆಮಾಡಲು ತಾನೂ ಏಟು ತಿಂದವಳಂತೆ ಬಂದ ನಾದಿನಿಯನ್ನೂ ಕಂಡಿದ್ದೇವೆ. ಅವರಲ್ಲಿ ಯಾರನ್ನೂ ಹುಟ್ಟಿನ ದಾಖಲೆ ನೋಡಿ ಹೊರಗಿಡಲಾಗುತ್ತಿರಲಿಲ್ಲ, ನಡತೆ ನೋಡಿ ಹೊರಗೆ ಕಳಿಸಿದೆವು. ಅತ್ಯಾಚಾರದ ಅಪರಾಧಿಯನ್ನು ಹೆಂಗಸರ ಬ್ಯಾರಕ್ಕಿಗೆ ಒಯ್ಯುವುದು ಮೂರ್ಖತನ. ಆ ವ್ಯಕ್ತಿ ಏನೆಂದು ಹೇಳಿಕೊಂಡರೂ ಮಾಡಿದ ಕೃತ್ಯ ಕಣ್ಣೆದುರಿಗಿದೆ. ಅದನ್ನು ತೋರಿಸಿ, ಏಟು ತಿಂದು ಬಂದವರ ಮುಖಕ್ಕೆ ಬಾಗಿಲು ಹಾಕುವುದೂ ಸರಿಯಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಗರಿಮಾ ಗೃಹ ಎಂಬ ಪ್ರತ್ಯೇಕ ಆಶ್ರಯಧಾಮಗಳನ್ನು ಶುರುಮಾಡಿತು. ಒಳ್ಳೆಯದೇ. ಆದರೆ ಅವು ಬೆರಳೆಣಿಕೆಯವು, ಏಟು ಬೀಳುವುದು ಎಲ್ಲ ಊರಿನಲ್ಲೂ.

ಮೀಸಲಾತಿಯ ಆತಂಕವನ್ನೂ ಕೇಳಿದ್ದೇನೆ. ಮಧ್ಯಪ್ರದೇಶದ ಕಟ್ನಿ ನಗರದಲ್ಲಿ ಮಹಿಳೆಯರಿಗೆ ಮೀಸಲಾದ ಮೇಯರ್ ಸ್ಥಾನಕ್ಕೆ ಗೆದ್ದಿದ್ದ ಕಮಲಾ ಜಾನ್ ಅವರ ಆಯ್ಕೆ ರದ್ದಾದದ್ದನ್ನು, ಅವರು ಗಂಡಸೆಂದು ಹೇಳಿ, 2003ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. 2021ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ಔರಂಗಾಬಾದ್ ಪೀಠ, ಜಳಗಾಂವ್ ಜಿಲ್ಲೆಯ ಗ್ರಾಮ ಪಂಚಾಯಿತಿಯೊಂದರಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿ ಮಹಿಳಾ ಸ್ಥಾನದಿಂದ ಸ್ಪರ್ಧಿಸಬಹುದು ಎಂದಿತು. ಮುಂದೆ ಲಾಭಕ್ಕಾಗಿ ಗಂಡೆಂದು ಬದಲಿಸಿಕೊಳ್ಳಕೂಡದು ಎಂಬ ಷರತ್ತನ್ನೂ ಸೇರಿಸಿತು. ಆಕೆ ಗೆದ್ದರು. ನಮ್ಮ ಸರ್ಕಾರ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಪ್ರತಿ ವರ್ಗದೊಳಗೂ ಶೇಕಡಾ 1ರ ಸಮತಲ ಮೀಸಲಾತಿಯನ್ನು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಬೇರೆಯಾಗಿಯೇ ಇಟ್ಟಿತು. ಮಹಿಳೆಯರ ಶೇಕಡಾ 33ಕ್ಕೆ ಕೈಹಾಕಲಿಲ್ಲ. ಇದು ಜಾಣತನದ ದಾರಿ. ಮಹಿಳಾ ಸ್ಥಾನಗಳನ್ನು ಪಂಚಾಯಿತಿಗಳಲ್ಲಿ ಇಂದಿಗೂ ಕಬಳಿಸುತ್ತಿರುವವರು ಹೆಂಡತಿಯ ಕುರ್ಚಿಯಲ್ಲಿ ಕೂರುವ ಗಂಡಂದಿರು. ಅವರಿಗೆ ಯಾವ ಲಿಂಗ ಪರಿವರ್ತನೆಯೂ ಬೇಕಾಗಿಲ್ಲ.

ಒಂದು ಕಡೆ ಮಾತ್ರ ನಾನು ಗೆರೆ ಎಳೆಯುತ್ತೇನೆ. ದೇಹದ ಕಾರಣದಿಂದಲೇ ನಡೆಯುವ ಅನ್ಯಾಯವನ್ನು ಹೇಳಲು ದೇಹದ ಮಾತು ಬೇಕು. ಗರ್ಭದಲ್ಲಿ ಹೆಣ್ಣೆಂದು ಗೊತ್ತಾದ ಕೂಡಲೇ ತೆಗೆಸುವವರು ಆ ಭ್ರೂಣ ತನ್ನನ್ನು ಏನೆಂದು ಗುರುತಿಸಿಕೊಳ್ಳುತ್ತದೆ ಎಂದು ಕೇಳುವುದಿಲ್ಲ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯಿದೆ, ಹುಟ್ಟಿನ ಲಿಂಗಾನುಪಾತದ ಲೆಕ್ಕ, ಬಾಣಂತಿ ಸಾವಿನ ಲೆಕ್ಕ ಇವೆಲ್ಲ ಹುಟ್ಟಿನ ಲಿಂಗವನ್ನು ಹೆಸರಿಟ್ಟು ಎಣಿಸಲೇಬೇಕು. ಮುಟ್ಟು, ಬಸಿರು, ಬಾಣಂತನ ಎಂಬ ಪದಗಳನ್ನು ಉಚ್ಚರಿಸಲು ಹಿಂಜರಿಯುವ ಸ್ತ್ರೀವಾದ ಹಳ್ಳಿಯ ಹೆಂಗಸಿಗೆ ಬೇಕಿಲ್ಲ. ಆದರೆ ಇದನ್ನು ಎಣಿಸುವುದಕ್ಕೂ ಒದೆ ತಿಂದು ಬಂದವರನ್ನು ಒಳಗೆ ಕರೆಯುವುದಕ್ಕೂ ಒಂದೇ ಅಳತೆಗೋಲು ಯಾಕೆ ಬೇಕು? 'ಹೆಣ್ಣು' ಎಂಬ ಮಾತನ್ನು ಆಸ್ಪತ್ರೆ ಒಂದು ಕೆಲಸಕ್ಕೆ ಬಳಸುತ್ತದೆ, ಠಾಣೆ ಇನ್ನೊಂದಕ್ಕೆ. ಗಂಡ ಕೈಯೆತ್ತುವಾಗ ಎದುರಿಗಿರುವವರನ್ನು ಹೆಂಡತಿಯೆಂದು ಕಂಡೇ ಕೈಯೆತ್ತುತ್ತಾನೆ. ವರದಕ್ಷಿಣೆ ಕೇಳುವಾಗಲೂ ಸೊಸೆಯೆಂದು ಕಂಡೇ ಕೇಳುತ್ತಾರೆ. ಠಾಣೆಗೆ ಬಂದ ಮೇಲೆ ಮಾತ್ರ ಆಕೆ ಹೆಣ್ಣಲ್ಲ ಎಂದು ಅವರಿಗೆ ನೆನಪಾಗುತ್ತದೆ.

ಈ ಚರ್ಚೆಯಲ್ಲಿ ಯಾರೂ ಹೆಚ್ಚು ನೆನೆಯದ ಇನ್ನೊಂದು ಗುಂಪಿದೆ. ಹೆಣ್ಣಾಗಿ ಹುಟ್ಟಿ ತಾವು ಗಂಡೆಂದು ತಿಳಿದವರು. ಇವರಿಗೆ ಹಿಂಸೆ ಶುರುವಾಗುವುದು ತವರುಮನೆಯಲ್ಲಿ. ಕೂದಲು ಕತ್ತರಿಸಿಕೊಂಡರೆ ಹೊಡೆತ, ಕೆಲಸಕ್ಕೆ ಹೊರಟರೆ ಕೋಣೆಗೆ ಬೀಗ, ಕೊನೆಗೆ 'ಎಲ್ಲ ಸರಿಹೋಗುತ್ತದೆ' ಎಂದು ಬಲವಂತದ ಮದುವೆ. ಅದಕ್ಕೂ ವರದಕ್ಷಿಣೆ ಕೊಟ್ಟೇ. ಆ ಮೊದಲ ರಾತ್ರಿಗೆ ಏನೆಂದು ಹೆಸರಿಡುತ್ತೀರಿ? ತವರಿನವರ ಹಿಂಸೆಯ ವಿರುದ್ಧವೂ 2005ರ ಕಾಯಿದೆಯ ಬಾಗಿಲು ತೆರೆದಿದೆ, ಆದರೆ ನೊಂದ ವ್ಯಕ್ತಿ ಎಂದರೆ 'ಮಹಿಳೆ' ಎಂದೇ ಅಲ್ಲಿ ಬರೆದಿದೆ. ತನ್ನನ್ನು ಗಂಡೆಂದು ಕರೆದುಕೊಂಡ ತಪ್ಪಿಗೆ ಆತ ಆ ರಕ್ಷಣೆಯನ್ನು ಬಿಟ್ಟುಕೊಡಬೇಕೇ? ಯಾರು ಯಾರೆಂದು ಗುರುತಿಸಿಕೊಂಡರೂ ಮನೆಯೊಳಗಿನ ಹೊಡೆತದಿಂದ ರಕ್ಷಣೆ ಕಳೆದುಕೊಳ್ಳಕೂಡದು ಎಂದು ಆ ಕಾಯಿದೆಯಲ್ಲೇ ಒಂದು ಸಾಲು ಸೇರಿಸಬೇಕೆಂದು ನಾವು ಒತ್ತಾಯಿಸಬೇಕು. 2019ರ ಕಾಯಿದೆಯ ಎರಡು ವರ್ಷದ ಶಿಕ್ಷೆಯ ಮಿತಿಯನ್ನು ತೆಗೆದು, ಹೆಣ್ಣಿನ ಮೇಲಿನ ಅದೇ ಅಪರಾಧಕ್ಕಿರುವ ಶಿಕ್ಷೆಯನ್ನೇ ಬರೆಸಬೇಕು. ಆಶ್ರಯಧಾಮಗಳಿಗೆ ಸರ್ಕಾರ ಕೊಡುವ ಅನುದಾನದಲ್ಲಿ ಒಂದು ಪ್ರತ್ಯೇಕ ಕೋಣೆ, ಒಂದು ಪ್ರತ್ಯೇಕ ಬಚ್ಚಲಿಗೆ ಹಣ ಇಡಬೇಕು. ಈ ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು. ಬಹುಶಃ ಅದಕ್ಕೇ ಯಾವ ಭಾಷಣದಲ್ಲೂ ಬರುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಈ ವಿಷಯಕ್ಕೆ ಎಂಟು ಪುಟ ಬಿಟ್ಟಿದ್ದೇವೆ. ಸಾಂತ್ವನ ಕೇಂದ್ರಗಳಲ್ಲಿ, ಆಶ್ರಯಧಾಮಗಳಲ್ಲಿ ಕೆಲಸ ಮಾಡುವ ಗೆಳತಿಯರು ತಮ್ಮಲ್ಲಿ ಇಂಥ ಸಂದರ್ಭ ಬಂದಾಗ ಏನು ಮಾಡಿದರೆಂದು ಬರೆಯಿರಿ. ಒಳಗೆ ಕರೆದವರೂ ಬರೆಯಿರಿ, ಆಗುವುದಿಲ್ಲ ಎಂದವರೂ ಬರೆಯಿರಿ. ಬಂದವರ ಹೆಸರು, ಊರು ಬೇಡ. ಟ್ರಾನ್ಸ್‌ಜೆಂಡರ್ ಗೆಳತಿಯರು, ಗೆಳೆಯರು ನಮ್ಮ ಬಾಗಿಲಿಗೆ ಬಂದು ಹಿಂತಿರುಗಿದ್ದರೆ ಅದನ್ನು ತಪ್ಪದೆ ಬರೆಯಿರಿ. ನನ್ನ ನಿಲುವನ್ನು ಒಪ್ಪದ ಪತ್ರಗಳನ್ನು ಮೊದಲ ಪುಟದಲ್ಲಿ ಹಾಕುತ್ತೇವೆ.